ಎಣ್ಣೆದೀಪದ ಮುಂದೆ ಬಲಿಪೂಜೆ

ಚಪ್ಪಲಿ ಹೊರಗೆ ಬಿಟ್ಟು ಒಳಬರುವುದು, ನೆಲದ ಮೇಲೆ ಕೂರುವುದು, ಎಣ್ಣೆದೀಪದ ಮುಂದೆ ಕೈಮುಗಿಯುವುದು, ಆರತಿ ಎತ್ತುವುದು. ಬೆಂಗಳೂರಿನ ಉಪ್ಪಾರಪೇಟೆ, ಚಿಕ್ಕಪೇಟೆಯ ಗುಡಿಗಳಲ್ಲಿ ಇದೆಲ್ಲ ದಿನನಿತ್ಯದ ನೋಟ. ಇವೇ ನಡೆಗಳು 1969ರಲ್ಲಿ ಕಥೋಲಿಕರ ಬಲಿಪೂಜೆಯೊಳಗೆ, ಅಂದರೆ ಮಾಸ್‌ನೊಳಗೆ, ಕಾಲಿಟ್ಟಾಗ ಮಾತ್ರ ದೇಶದ ಕ್ರೈಸ್ತ ಸಮಾಜದಲ್ಲಿ ದೊಡ್ಡ ವಾಗ್ವಾದವೇ ಎದ್ದಿತು. ಆ ಬದಲಾವಣೆಗೆ ಬೆನ್ನೆಲುಬಾಗಿ ನಿಂತವರು ಬೆಂಗಳೂರಿನಲ್ಲಿದ್ದ ಒಬ್ಬ ಪಾದ್ರಿ: ಡಿ.ಎಸ್. ಅಮಲೋರ್ಪವದಾಸ್.

ಪಾಠ, ವಿದ್ವತ್ತು, ಪ್ರಾರ್ಥನೆ ಮೂರನ್ನೂ ಒಂದೇ ಕೆಲಸವೆಂದು ನಂಬಿ ಬದುಕಿದವರು ಅವರು.

1932ರಲ್ಲಿ ತಮಿಳುನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ಅಮಲೋರ್ಪವದಾಸ್ 1959ರಲ್ಲಿ ಗುರುದೀಕ್ಷೆ ಪಡೆದರು. ಅಣ್ಣ ಸೈಮನ್ ಲೂರ್ದುಸ್ವಾಮಿ ಮುಂದೆ ಬೆಂಗಳೂರಿನ ಆರ್ಚ್‌ಬಿಷಪ್ ಆಗಿ, 1985ರಲ್ಲಿ ಕಾರ್ಡಿನಲ್ ಪದವಿಗೇರಿದರು. ತಮ್ಮ ಹಿಡಿದದ್ದು ಅಧ್ಯಯನದ ದಾರಿ. ಪ್ಯಾರಿಸ್ಸಿನ ಕಥೋಲಿಕ ವಿದ್ಯಾಸಂಸ್ಥೆಯಲ್ಲಿ ಅವರು ಡಾಕ್ಟರೇಟಿಗೆ ಎತ್ತಿಕೊಂಡ ವಿಷಯ, ಇಂದಿನ ಭಾರತದಲ್ಲಿ ಧರ್ಮಸಭೆಯ ಭವಿಷ್ಯವೇನು ಎಂಬುದು.

ಕಾಲವೂ ಹದವಾಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಪೂಜೆಗೆ ಜನಭಾಷೆಯ ಬಾಗಿಲು ತೆರೆದಿತ್ತು. ಬೇರೆ ಧರ್ಮಗಳಲ್ಲಿ ಸತ್ಯವೂ ಪಾವಿತ್ರ್ಯವೂ ಆಗಿರುವ ಯಾವುದನ್ನೂ ತಳ್ಳಿಹಾಕುವುದಿಲ್ಲ ಎಂದು ಸಾರಿತ್ತು. ಆ ಮಾತನ್ನು ಭಾರತದಲ್ಲಿ ನಡೆಗೆ ತರಲೆಂದು ಧರ್ಮಾಧ್ಯಕ್ಷರು 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ಆರಂಭಿಸಿದರು. ಬೈಬಲ್, ಧರ್ಮಬೋಧನೆ, ಪೂಜಾವಿಧಿ ಈ ಮೂರೂ ಅದರ ಹೊಣೆ. ಎನ್‌ಬಿಸಿಎಲ್‌ಸಿ ಎಂದೇ ಹೆಸರಾದ ಅದರ ಸ್ಥಾಪಕ ನಿರ್ದೇಶಕರು ಅಮಲೋರ್ಪವದಾಸ್. ಆಗ ಅವರಿಗೆ 35 ಕೂಡ ತುಂಬಿರಲಿಲ್ಲ.

ಬಲಿಪೂಜೆಯನ್ನು ಇಲ್ಲಿನ ರೀತಿಗೆ ಒಗ್ಗಿಸಲು ಭಾರತದ ಧರ್ಮಾಧ್ಯಕ್ಷರು ಕಳಿಸಿದ 12 ಅಂಶಗಳಿಗೆ 1969ರ ಏಪ್ರಿಲ್‌ನಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಮಂಡಿಯೂರುವ ಬದಲು ತಲೆಬಾಗಿ ಕೈಮುಗಿಯಬಹುದು. ಪಂಚಾಂಗ ಪ್ರಣಾಮ ಮಾಡಬಹುದು. ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆದೀಪ, ಯುರೋಪಿನ ಪೂಜಾವಸ್ತ್ರದ ಜಾಗದಲ್ಲಿ ಅಂಗವಸ್ತ್ರ. ಪೂಜೆಯ ಘಟ್ಟಗಳಲ್ಲಿ ಹೂವು, ಧೂಪ, ದೀಪಗಳ ಆರತಿ. ಕೇಂದ್ರದ ಪ್ರಾರ್ಥನಾಮಂದಿರವೂ ಭಾರತೀಯ ಶೈಲಿಯಲ್ಲೇ ರೂಪುಗೊಂಡಿತು. ಕಲಾವಿದ ಜ್ಯೋತಿ ಸಾಹಿ ಅಮಲೋರ್ಪವದಾಸರ ಜೊತೆ ಕೆಲಸ ಮಾಡಿದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಪೂಜೆಗೆ ಹಿಂದೂ ಬಣ್ಣ ಬಳಿಯುತ್ತಿದ್ದಾರೆಂದು ಬೆಂಗಳೂರಿನ ಕಥೋಲಿಕರೇ ಹಲವರು ದನಿ ಎತ್ತಿದರು. ನೆರೆಯವರಿಗಿಂತ ಬೇರೆಯಾಗಿ ಪೂಜಿಸುವುದರಲ್ಲೇ ತಮ್ಮ ಗುರುತು ಕಂಡುಕೊಂಡವರ ನೋವು ಅದು, ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಅಮಲೋರ್ಪವದಾಸ್ ತಮ್ಮ ನಿಲುವನ್ನು ಓದು, ಚರ್ಚೆ, ಬರಹಗಳ ಮೂಲಕ ಕಟ್ಟುತ್ತ ಹೋದರು.

1974ರ ಡಿಸೆಂಬರ್‌ನಲ್ಲಿ ಅವರು ಕೇಂದ್ರದಲ್ಲಿ ಏರ್ಪಡಿಸಿದ ವಿಚಾರಗೋಷ್ಠಿಯ ವಿಷಯವೇ ಬೈಬಲ್ಲಿನ ಆಚೆಗಿನ ಧರ್ಮಗ್ರಂಥಗಳು. ಉಪನಿಷತ್ತಿನ, ಗೀತೆಯ ಮಾತುಗಳಿಗೆ ಕ್ರೈಸ್ತರ ಪ್ರಾರ್ಥನೆಯಲ್ಲಿ ಎಡೆಯಿದೆಯೇ? ವಿದ್ವಾಂಸರು ದಿನಗಟ್ಟಲೆ ಚರ್ಚಿಸಿದರು. ಪ್ರಬಂಧಗಳನ್ನು ಅಮಲೋರ್ಪವದಾಸ್ ಸಂಪಾದಿಸಿ ದೊಡ್ಡ ಸಂಪುಟವಾಗಿ ತಂದರು. ಆದರೆ 1975ರಲ್ಲಿ ರೋಮ್, ಪೂಜಾವಿಧಿಯಲ್ಲಿ ಅಂಥ ಓದು ಸಲ್ಲದೆಂದಿತು. ಅದರ ಹಿಂದಿನ ವರ್ಷವಷ್ಟೇ, ಜಗತ್ತಿನ ಬಿಷಪ್ಪರು ಸೇರಿದ್ದ ರೋಮ್ ಸಿನೊಡ್ಡಿನ ಇಬ್ಬರು ವಿಶೇಷ ಕಾರ್ಯದರ್ಶಿಗಳಲ್ಲಿ ಅವರೂ ಒಬ್ಬರಾಗಿದ್ದರು. ಹೊಸ ಸಮಾಜಕ್ಕಾಗಿ ನಡೆಯುವ ಹೋರಾಟದಲ್ಲಿ ಭಾರತದ ಧರ್ಮಸಭೆಯ ಪಾಲೇನು ಎಂಬ ಪ್ರಶ್ನೆಯನ್ನೂ ಅವರು ಅದೇ ಕೇಂದ್ರದಲ್ಲಿ ಗೋಷ್ಠಿಗೆ ಇಟ್ಟರು.

ನಂತರ ಕರೆದದ್ದು ಮೈಸೂರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನ ಪೀಠ ರೂಪುಗೊಂಡು ವಿಭಾಗವಾಗಿ ಬೆಳೆದಾಗ ಅದರ ಮೊದಲ ಮುಖ್ಯಸ್ಥರು ಅವರೇ. ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಕ್ರೈಸ್ತ ಧರ್ಮ ಕಲಿಸುವುದು ಬೇರೆ, ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಕಲಿಸುವುದು ಬೇರೆ. ಇಲ್ಲಿ ಎದುರಿಗೆ ಕೂರುವವರು ಯಾವ ನಂಬಿಕೆಯವರೂ ಆಗಿರಬಹುದು. ಅವರ ಪ್ರಶ್ನೆಗೆ ಭಕ್ತಿಯೊಂದೇ ಉತ್ತರವಾಗದು.

ತರಗತಿಯಿಂದ ಹೊರಬಂದರೆ ಅವರು ಹೋಗುತ್ತಿದ್ದದ್ದು ಚಾಮುಂಡಿ ಬೆಟ್ಟದ ಬುಡಕ್ಕೆ. ಅಲ್ಲಿ ಅವರು ಕಟ್ಟಿದ ಅಂಜಲಿ ಆಶ್ರಮದಲ್ಲಿ ಕಾವಿ ಉಟ್ಟು, ಸ್ವಾಮಿ ಅಮಲೋರಾನಂದ ಎಂಬ ಹೆಸರಿನಲ್ಲಿ ಬದುಕಿದರು. ನೆಲದ ಮೇಲೆ ಕೂತು ಸಸ್ಯಾಹಾರದ ಊಟ, ಮೌನ, ಧ್ಯಾನ, ಬಲಿಪೂಜೆ: ದಿನಚರಿ ಸರಳ. ಬಂದವರಿಗೆ ‘ಆತ್ಮ ಪೂರ್ಣ ಅನುಭವ’ ಎಂಬ ಸಾಧನಾ ಶಿಬಿರಗಳನ್ನು ನಡೆಸಿದರು. ವಿಶ್ವವಿದ್ಯಾನಿಲಯದಲ್ಲಿ ವಿಚಾರವಾಗಿ ಮಂಡಿಸಿದ್ದನ್ನು ಆಶ್ರಮದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬದುಕಿ ನೋಡಬೇಕಿತ್ತು. ಹಾಗೆ ಬದುಕಿ ನೋಡುವ ಧೈರ್ಯವೇ ಈ ಪಂಡಿತರ ನಿಜವಾದ ದೊಡ್ಡತನ.

1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತ ಅವರನ್ನು ಒಯ್ದಿತು. ಇನ್ನೂ 58 ತುಂಬಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಗಟ್ಟಿಯಾಗುತ್ತಿತ್ತು. ಭಾರತೀಯತೆಯೆಂದರೆ ಸಂಸ್ಕೃತ, ಕಾವಿ, ಆಶ್ರಮ ಮಾತ್ರವೇ? ಯಾರನ್ನು ದೇವಸ್ಥಾನದ ಒಳಗೆ ಎಂದೂ ಬಿಟ್ಟುಕೊಳ್ಳಲಿಲ್ಲವೋ ಅವರ ಮಕ್ಕಳಿಗೆ ಚರ್ಚಿನಲ್ಲಿ ಅದೇ ದೇವಸ್ಥಾನದ ವಿಧಿಗಳನ್ನು ಕೊಟ್ಟರೆ ಅವರಿಗೆ ಹೇಗೆನಿಸಬೇಕು? ದಲಿತ ಕ್ರೈಸ್ತ ಚಿಂತಕರು ಇದನ್ನು ನೇರವಾಗಿ ಕೇಳಿದರು. ತಮಟೆ, ಜನಪದ ಹಾಡು, ಊರಹಬ್ಬದ ನಡೆಗಳಿಗೂ ಬಲಿಪೂಜೆಯಲ್ಲಿ ಜಾಗ ಬೇಕೆಂಬ ವಾದ ಆ ಪ್ರಶ್ನೆಯ ಜೊತೆಗೇ ಬೆಳೆಯಿತು. ಪೂಜೆ ಈ ನೆಲದ್ದಾಗಬೇಕೆಂದು ಹೊರಟ ಅಮಲೋರ್ಪವದಾಸರ ಕೆಲಸವನ್ನು ಮುಂದುವರಿಸುವ ಯಾರೇ ಆದರೂ ಈಗ ಈ ಪ್ರಶ್ನೆಯಿಂದಲೇ ಶುರುಮಾಡಬೇಕಾಗಿದೆ.