ಕರಿಜಾಲಿ, ಬಿಳಿಜಾಲಿ

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಮುಳ್ಳಿನ ಮರವೆಂದರೆ ಎಲ್ಲವೂ ಜಾಲಿಯೇ. ಆದರೆ ಕರಿಜಾಲಿ, ಬಿಳಿಜಾಲಿ ಒಂದೇ ಕುಲದ ಎರಡು ಬೇರೆ ಪ್ರಭೇದಗಳು. ಜೋಡಿಮುಳ್ಳು, ಸಣ್ಣ ಎಲೆ ಎರಡಕ್ಕೂ ಉಂಟು. ಅವುಗಳಿಂದ ಗುರುತು ಸಿಗದು. ತೊಗಟೆ ನೋಡಬೇಕು. ಕರಿಜಾಲಿಯದು ಕಪ್ಪು, ಸೀಳುಸೀಳು. ಬಿಳಿಜಾಲಿಯದು ಮಾಸಲು ಬಿಳಿ. ಮುದಿ ಬಿಳಿಜಾಲಿಯ ಬುಡವೂ ಕಪ್ಪಾಗಿ ಮೋಸ ಮಾಡುವುದುಂಟು! ಆಗ ಹೂವು, ಕಾಯಿಯೇ ಸಾಕ್ಷಿ. ಕರಿಜಾಲಿಯ ಹಳದಿ ಚೆಂಡುಹೂ ಎಲೆಯ ಕಂಕುಳಲ್ಲಿ ಬಿಡುತ್ತದೆ, ಕಾಯಿ ಮಣಿಸರದಂತೆ. ಬಿಳಿಜಾಲಿಯ ಕೆನೆಬಣ್ಣದ ಹೂ ರೆಂಬೆಯ ತುದಿಯಲ್ಲಿ ದೊಡ್ಡ ಗೊಂಚಲು. ಕಾಯಿ ಚಪ್ಪಟೆ, ಬಾಗಿದ್ದು.

ಹಳೆಯ ಪುಸ್ತಕಗಳಲ್ಲಿ ಇವೆರಡೂ ‘ಅಕೇಶಿಯಾ’. ಆ ಹೆಸರಿಗೆ ಮೂಲ ಮಾದರಿಯಾಗಿದ್ದುದೇ ಕರಿಜಾಲಿ. 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನ ಹೆಸರನ್ನು ಆಸ್ಟ್ರೇಲಿಯಾದ ಬಳಗಕ್ಕೆ ಬಿಟ್ಟುಕೊಟ್ಟಿತು. ಜಾಲಿಗಳು ಈಗ ‘ವಚೆಲಿಯಾ’. ನೆಡುತೋಪುಗಳ ಮುಳ್ಳಿಲ್ಲದ, ಹೊರನಾಡಿನ ಮರ ಮಾತ್ರ ಇಂದಿಗೂ ಅಕೇಶಿಯಾ.