ಮತ್ತೆ ಸೈಕಲ್ ತುಳಿಯುವ ಕಾಲು

1986ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯವನ್ನು ಗೆದ್ದು, ಆ ಕೀರ್ತಿಗೆ ಪಾತ್ರನಾದ ಮೊದಲನೆಯ ಅಮೆರಿಕನ್ ಎನಿಸಿಕೊಂಡ ಗ್ರೆಗ್ ಲೆಮಾಂಡ್, ಮರುವರ್ಷದ ಏಪ್ರಿಲ್ ತಿಂಗಳಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೇಟೆಗೆ ಹೋಗಿದ್ದಾಗ, ಬಂಧುವೊಬ್ಬನ ಕೋವಿಯಿಂದ ಆಕಸ್ಮಿಕವಾಗಿ ಸಿಡಿದ ಚರೆಗಳು ಮೈಹೊಕ್ಕು, ಸಾಯದೆ ಉಳಿದುದೇ ಹೆಚ್ಚೆನ್ನುವಂತಾಯಿತು. ಹೃದಯದ ಹೊರಪೊರೆಯಲ್ಲಿ ಸಹ ಕೆಲವು ಚರೆಗಳನ್ನು ಇಟ್ಟುಕೊಂಡೇ ಆತನು 1989ರಲ್ಲಿ ಅದೇ ಪಂದ್ಯಕ್ಕೆ ಮರಳಿ, ಕಡೆಯ ದಿನ ವರ್ಸೇಯಿನಿಂದ ಪ್ಯಾರಿಸ್ಸಿಗೆ ನಡೆದ 24.5 ಕಿಲೋಮೀಟರ್ ಸ್ಪರ್ಧೆಯಲ್ಲಿ ಲೊರಾಂ ಫಿನ್ಯೋಂ ಎಂಬ ಫ್ರೆಂಚ್ ಸವಾರನ 50 ಸೆಕೆಂಡುಗಳ ಮುನ್ನಡೆಯನ್ನು ಅಳಿಸಿ, ಒಟ್ಟಿನಲ್ಲಿ 8 ಸೆಕೆಂಡುಗಳಿಂದ ಗೆದ್ದನು. ಇದನ್ನು ಮನೋಬಲದ ವಿಜಯವೆಂದು ಕೊಂಡಾಡುವುದು ವಾಡಿಕೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ನಡುವಣ ಎರಡು ವರ್ಷಗಳು ಬಹುಮಟ್ಟಿಗೆ ಸೋಲಿನಲ್ಲಿಯೇ ಕಳೆದುವೆಂಬುದನ್ನು ಹೊಗಳುವವರು ಮರೆಯುತ್ತಾರೆ. ಗಾಯಗೊಂಡ ದೇಹವು ಒಟ್ಟಾಗಿ ಹಿಂತಿರುಗುವುದಿಲ್ಲ. ಅದರ ಒಂದೊಂದು ಅಂಗವೂ ತನ್ನದೇ ಪಂಚಾಂಗವನ್ನು ನೋಡಿಕೊಂಡು ಹೊರಡುತ್ತದೆ.

ಸೈಕಲ್ಲಿನ ಮೇಲೆ ತೂಕ ಹಿಡಿಯುವ ಕೌಶಲವಂತೂ ಹೋಗಿಯೇ ಇರುವುದಿಲ್ಲ. ಅನುಮಸ್ತಿಷ್ಕವೇ ಮೊದಲಾದ ಮಿದುಳಿನ ಭಾಗಗಳನ್ನು ಆಶ್ರಯಿಸಿದ ಈ ಸ್ಮೃತಿಯು, ಹೆಸರು ಮುಖಗಳನ್ನು ನೆನಪಿಡುವ ಸ್ಮೃತಿಗಿಂತ ಬೇರೆಯಾದುದು, ಬಹುಕಾಲ ಬಾಳತಕ್ಕದ್ದು.

ಮೊದಲು ಕುಗ್ಗುವುದು ರಕ್ತ. ಮಲಗಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶವು ಕಡಮೆಯಾಗಿ, ಹೃದಯವು ಒಂದೊಂದು ಮಿಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣವೂ ಇಳಿಯುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದ ವೈದ್ಯವಿಜ್ಞಾನಿಗಳು ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿದಾಗ, ಅವರ ದೇಹವು ಪರಿಶ್ರಮದ ಕಾಲದಲ್ಲಿ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವು ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಮೇಲೆ, ಆಗಲೇ ನಡುವಯಸ್ಸಿಗೆ ಬಂದಿದ್ದ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ಮುಪ್ಪಿಗಿಂತ ಆ ಮೂರು ವಾರಗಳ ಶಯ್ಯೆಯೇ ಹೆಚ್ಚು ಹಾನಿಮಾಡಿದ್ದಿತೆಂದು ಕಂಡುಬಂದಿತು! ಸಮಾಧಾನದ ಸಂಗತಿಯೆಂದರೆ, ಶಯ್ಯೆಯಿಂದೆದ್ದ ತರುಣರು ಎಂಟು ವಾರಗಳ ಅಭ್ಯಾಸದಲ್ಲಿ ನಷ್ಟವನ್ನೆಲ್ಲ ತುಂಬಿಕೊಂಡಿದ್ದರು.

ಸ್ನಾಯುಗಳ ವಿಷಯವು ಇನ್ನೂ ಸ್ವಾರಸ್ಯವಾದುದು. ಓಸ್ಲೋ ವಿಶ್ವವಿದ್ಯಾನಿಲಯದ ಕ್ರಿಸ್ಟಿಯನ್ ಗುಂಡರ್ಸನ್ ಮತ್ತು ಸಂಗಡಿಗರು 2010ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಬೆಳೆದ ಸ್ನಾಯುತಂತು ಬಳಕೆಯಿಲ್ಲದೆ ಸೊರಗಿದರೂ, ಬೆಳೆಯುವಾಗ ಅದು ಸಂಪಾದಿಸಿಕೊಂಡ ಹೆಚ್ಚಿನ ಕೋಶಕೇಂದ್ರಗಳು ಅಳಿಯದೆ ನಿಲ್ಲುವುವೆಂದು ತೋರಿಸಿದರು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆ ಮುಗಿದಿಲ್ಲವಾದರೂ, ಹಿಂದೆ ಅಭ್ಯಾಸವಿದ್ದವನ ತೊಡೆ ಹೊಸಬನ ತೊಡೆಗಿಂತ ಬೇಗ ತುಂಬಿಕೊಳ್ಳುವುದು ಕಣ್ಣಿಗೆ ಕಾಣುವ ಸಂಗತಿ.

ಅಪಾಯವಿರುವುದು ಇಲ್ಲಿಯೇ. ಉಸಿರು ಮೊದಲು ಹದಕ್ಕೆ ಬಂದು, ತೊಡೆ ಅದರ ಹಿಂದೆಯೇ ಬಲಿತು, ಸವಾರನು ಉತ್ಸಾಹದಿಂದ ಏರನ್ನು ಹತ್ತತೊಡಗುವ ಹೊತ್ತಿಗೆ, ರಕ್ತಸಂಚಾರ ವಿರಳವಾದ ಸ್ನಾಯುರಜ್ಜುಗಳೂ ಮೃದ್ವಸ್ಥಿಯೂ ಇನ್ನೂ ಬಹಳ ಹಿಂದೆ ಉಳಿದಿರುತ್ತವೆ. ಮಂಡಿಯ ಕೀಲಿನಲ್ಲಿ ಸ್ವಲ್ಪ ನೀರು ತುಂಬಿಕೊಂಡರೂ ಸಾಕು, ಬೆನ್ನುಹುರಿಯು ತೊಡೆಯ ಮುಂದಣ ಸ್ನಾಯುವಿಗೆ ಹೋಗುವ ಪ್ರಚೋದನೆಯನ್ನು ತಗ್ಗಿಸಿಬಿಡುತ್ತದೆ. ರೋಗಿಯ ಛಲ ಅಲ್ಲಿ ನಡೆಯದು.

ಮಂಡಿಗೆ ಪೆಟ್ಟಾದವನನ್ನು ಚಿಕಿತ್ಸಕರು ನಿಂತ ಸೈಕಲ್ಲಿನ ಮೇಲೆ ಕೂರಿಸುವ ಕ್ರಮ ಗಮನಿಸತಕ್ಕದ್ದು. ಪೆಡಲು ಒಂದು ಪೂರ್ಣ ಸುತ್ತು ಸುತ್ತಬೇಕಾದರೆ ಮಂಡಿಯು ಸುಮಾರು 110 ಡಿಗ್ರಿ ಮಡಚಬೇಕು. ಅಷ್ಟು ಮಡಚಲಾರದವನ ಪೆಡಲು ಮೇಲ್ತುದಿಗೆ ಸ್ವಲ್ಪ ಮುಂಚೆಯೇ ತಡೆದು ನಿಲ್ಲುತ್ತದೆ. ಆತನು ಅರಿವಿಲ್ಲದೆಯೇ ಸೊಂಟವನ್ನು ಒಂದು ಕಡೆಗೆ ಎತ್ತಿ ಕಾಲನ್ನು ದಾಟಿಸಲು ನೋಡುತ್ತಾನೆ. ಆಗ ಸೀಟನ್ನು ಏರಿಸಿ, ಪೆಡಲನ್ನು ಮುಂದಕ್ಕೂ ಹಿಂದಕ್ಕೂ ಅರೆಸುತ್ತು ತೂಗಾಡಿಸಲು ಹೇಳುತ್ತಾರೆ. ಪೂರ್ಣ ಸುತ್ತು ಅನೇಕರಿಗೆ ಮೊದಲು ದಕ್ಕುವುದು ಹಿಮ್ಮುಖವಾಗಿ! ಮಂಡಿ ಸಡಿಲವಾದಂತೆ ಸೀಟು ಅಷ್ಟಷ್ಟೇ ಕೆಳಗಿಳಿಯುತ್ತ ಬರುತ್ತದೆ.

ಸೈಕಲ್ ಸವಾರಿಯಿಂದ ಪ್ರಯೋಜನ ಕಡಮೆಯಾಗಿರುವುದು ಮೂಳೆಗೆ. ಮೂಳೆಯು ಭಾರ ಬಿದ್ದಲ್ಲಿ ಗಟ್ಟಿಯಾಗತಕ್ಕ ವಸ್ತು. ಸವಾರನ ಮೈಭಾರದ ಬಹುಪಾಲನ್ನು ಸೀಟು ಹೊತ್ತುಬಿಡುತ್ತದೆ. ನೊಂದ ಕೀಲಿಗೆ ಹಿತವಾದ ಈ ಗುಣವೇ ಎಲುಬಿಗೆ ಸಾಲದೆಂದು, ಮೂಳೆ ಕೂಡಿಕೊಂಡ ಮೇಲೆ ವೈದ್ಯರು ಸೈಕಲ್ಲಿನ ಜೊತೆಗೆ ನಡಿಗೆಯನ್ನೂ ವಿಧಿಸುತ್ತಾರೆ.