ಪೂಗಾ: ಹಿಮದ ನಾಡಿನ ಕುದಿನೀರು

ಲಡಾಖ್‌ನ ಲೇಹ್‌ನಿಂದ ಸಿಂಧೂ ನದಿಯ ದಂಡೆ ಹಿಡಿದು ಚುಮಾಥಾಂಗ್ ಹಾಯ್ದು, ಮಾಹೆ ಸೇತುವೆ ದಾಟಿ ಮೇಲಕ್ಕೇರಿದರೆ ಪೂಗಾ ಕಣಿವೆ. ಎತ್ತರ ಸುಮಾರು 4,400 ಮೀಟರ್. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿಯಷ್ಟು ಕೆಳಗಿಳಿಯುವ ಈ ಜಾಗದಲ್ಲಿ ನೆಲವೇ ಹಬೆಯಾಡುತ್ತದೆ, ಕೆಸರು ಕೊತಕೊತ ಕುದಿಯುತ್ತದೆ. ಗಾಳಿಯಲ್ಲಿ ಗಂಧಕದ ವಾಸನೆ, ಹುಲ್ಲಿನ ನಡುವೆ ಬಿಳಿಗಾರದ ಬೆಳ್ಳನೆ ಪೊರೆ.

ಭಾರತ ಮತ್ತು ಏಷ್ಯಾದ ಭೂಫಲಕಗಳು ಬೆಸೆದುಕೊಂಡ ಗೆರೆಗೆ ಅಂಟಿಕೊಂಡಿದೆ ಪೂಗಾ. ದೇಶದಲ್ಲಿ 300ಕ್ಕೂ ಹೆಚ್ಚು ಬಿಸಿನೀರ ಬುಗ್ಗೆಗಳಿದ್ದರೂ ಎಲ್ಲದರ ಕಸುವೂ ಒಂದೇ ಅಲ್ಲ. ನಮ್ಮ ಪುತ್ತೂರು ಬಳಿಯ ಬೆಂದ್ರ್ ತೀರ್ಥದ ನೀರು ಸ್ನಾನಕ್ಕೆ ಹಿತವಾಗುವಷ್ಟು ಬೆಚ್ಚಗೆ, ಅಷ್ಟೆ. ಪೂಗಾದಲ್ಲಿ 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 34 ಬಾವಿ ಕೊರೆಯಿತು. ಅತಿ ಆಳದ್ದೇ 385 ಮೀಟರ್ ಮುಟ್ಟಲಿಲ್ಲ. ಆದರೂ 140 ಡಿಗ್ರಿಯವರೆಗಿನ ಬಿಸಿ ಸಿಕ್ಕಿತು.

ದೇಶದ ಭೂಶಾಖದಿಂದ ಸುಮಾರು 10,000 ಮೆಗಾವ್ಯಾಟ್ ವಿದ್ಯುತ್ ಸಾಧ್ಯ ಎಂಬ ಲೆಕ್ಕ ಬಹುಕಾಲದಿಂದ ಓಡಾಡುತ್ತಿದೆ. ಅದು ಬುಗ್ಗೆಗಳ ಬಿಸಿ, ನೀರಿನ ರಾಸಾಯನಿಕ ಗುಣ, ಬಂಡೆಗಳ ಸ್ವಭಾವ ನೋಡಿ ಕಟ್ಟಿದ ಅಂದಾಜು. ಆಳದಲ್ಲಿ ಎಷ್ಟು ನೀರಿದೆ, ಅದು ಎಷ್ಟು ವರ್ಷ ಬಿಡದೆ ಮೇಲೆ ಬಂದೀತು ಎನ್ನುವುದನ್ನು ಬಾವಿ ಮಾತ್ರ ಹೇಳಬಲ್ಲದು. ಆ ಬಾವಿಗೇ ಕೋಟಿಗಟ್ಟಲೆ ಹಣ ಬೇಕು, ಕೊರೆದ ಮೇಲೂ ಖಾತ್ರಿಯಿಲ್ಲ. ಪೂಗಾದಲ್ಲಂತೂ ಕೆಲಸಕ್ಕೆ ಸಿಗುವುದು ವರ್ಷದ ಕೆಲವೇ ತಿಂಗಳು. ನೀರಿನಲ್ಲಿ ಕರಗಿದ ಖನಿಜಗಳು ಕೊಳವೆಯೊಳಗೆ ಗಟ್ಟಿಕಟ್ಟುತ್ತವೆ. ವಿದ್ಯುತ್ ಬಂದರೂ ಸಾಗಿಸಲು ತಂತಿ ಎಳೆಯಬೇಕು.

2021ರ ಫೆಬ್ರುವರಿಯಲ್ಲಿ ಒಎನ್‌ಜಿಸಿ ಲಡಾಖ್ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡು, ಮೊದಲಿಗೆ 1 ಮೆಗಾವ್ಯಾಟ್‌ನ ಪ್ರಾಯೋಗಿಕ ಘಟಕದ ಗುರಿ ಇಟ್ಟುಕೊಂಡಿತು. ಮರುವರ್ಷ ಕೊರೆಯುವಾಗ ಬಾವಿಯಿಂದ ಉಕ್ಕಿದ ದ್ರವ ಪೂಗಾ ತೊರೆಗೆ ಸೇರಿತು. ಸಣ್ಣ ಸಂಗತಿಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಕಪ್ಪು ಕೊರಳಿನ ಕೊಕ್ಕರೆಗಳಿಗೆ ಈ ಸೀಮೆಯ ಜೌಗುನೆಲವೇ ಆಸರೆ; ಚಾಂಗ್ಪಾ ಅಲೆಮಾರಿಗಳ ಪಶ್ಮೀನಾ ಮೇಕೆಗಳು ಮೇಯುವುದೂ ಇಲ್ಲೇ. ಬಳಸಿದ ನೀರನ್ನು ಮತ್ತೆ ಆಳಕ್ಕಿಳಿಸುವ ಬಾವಿ, ತೊರೆಯ ನೀರಿನ ನಿಯಮಿತ ಪರೀಕ್ಷೆ, ಅದರ ಫಲಿತಾಂಶ ಊರವರ ಕೈಗೆ: ಇಷ್ಟಿಲ್ಲದೆ ಮುಂದಿನ ಬಾವಿ ಕೊರೆಯಬಾರದು.

ವಿದ್ಯುತ್ತಿಗಾಗಿ ಕಾಯಬೇಕೆಂದೂ ಇಲ್ಲ. ಇದೇ ಬಿಸಿನೀರನ್ನು ಕೊಳವೆಯಲ್ಲಿ ಹಾಯಿಸಿ, ಗುಡಿಸಲೊಂದನ್ನು ಬೆಚ್ಚಗೆ ಇಡಬಹುದೆಂದು ಸರ್ವೇಕ್ಷಣಾ ಸಂಸ್ಥೆ ಹಿಂದೆಯೇ ತೋರಿಸಿಕೊಟ್ಟಿದೆ. ಪೂಗಾದಲ್ಲಿ ಅಲೆಮಾರಿ ಮಕ್ಕಳ ವಸತಿಶಾಲೆಯಿದೆ. ಆ ಬಿಸಿ ಮೊದಲು ಅಲ್ಲಿನ ಮಲಗುವ ಕೋಣೆಗಳಿಗೆ ತಲುಪಲಿ.